ಸಂದು ಒಂದು ಕಡೆ, ಶಿಮ್ ಇನ್ನೊಂದು ಕಡೆ

ಶನಿವಾರ, 7 ಫೆಬ್ರವರಿ 2026

ತಗಡುಗಳ ನಡುವಿನ ಸಂದು ಹೊಂದಿಸುವುದರಲ್ಲಿ ಇವತ್ತಿನ ದಿನವೆಲ್ಲ ಪಿಕಪ್‌ನ ಎಡಗಡೆಗೇ ಹೋಯಿತು. ಬಾಗಿಲು, ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು), ಬಾನೆಟ್. ಬಲಗಡೆ ತಕ್ಕಮಟ್ಟಿಗೆ ಕೂತಿದೆ, ಅದರ ತಂಟೆಗೆ ಹೋಗಬಾರದು ಅಂದುಕೊಂಡೇ ಶುರು ಮಾಡಿದೆವು. ಕೊನೆಗೆ ಅದಕ್ಕೂ ಕೈ ಹಾಕಬೇಕಾಯಿತು, ಆ ಕಥೆ ಮುಂದೆ ಬರುತ್ತದೆ.

ಗಾಡಿಯ ಪರಿಚಯ ಇಲ್ಲದವರಿಗೆ ಎರಡು ಮಾತು. ಇದು 1968ರ ಶೆವ್ರೊಲೆ ಸಿ-10. 1967ರಿಂದ 1972ರವರೆಗೆ ಬಂದ ಮೈಕಟ್ಟಿನದು. ಮೂಲದಲ್ಲಿ ಬೆಡ್, ಅಂದರೆ ಹಿಂದಿನ ಸಾಮಾನಿನ ತೊಟ್ಟಿ, ಉದ್ದವಿದ್ದ ಗಾಡಿ, ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ) 127 ಇಂಚು. ಚಾಸಿಯಲ್ಲಿ 12 ಇಂಚು ಕತ್ತರಿಸಿ ತೆಗೆದು, ಗಿಡ್ಡ ಬೆಡ್‌ನ ಮಾದರಿಗಿದ್ದ 115 ಇಂಚಿಗೆ ತಂದಿದ್ದೇವೆ. ಆರೂ ವರ್ಷ ಒಂದೇ ಮೈಕಟ್ಟು ಅಂತ ಜನ ಹೇಳುತ್ತಾರೆ. ಬಿಡಿಭಾಗ ಹುಡುಕಲು ಹೊರಟಾಗ ಅದು ಎಷ್ಟರಮಟ್ಟಿಗೆ ನಿಜ ಅಂತ ಗೊತ್ತಾಗುತ್ತದೆ. 1968ರಿಂದ ಫೆಂಡರಿನ ಪಕ್ಕದಲ್ಲಿ ಸೈಡ್ ಮಾರ್ಕರ್ ದೀಪ ಬಂತು, 1967ರದಕ್ಕೆ ಅದಿಲ್ಲ. 1969ಕ್ಕೆ ಬಾನೆಟ್ಟಿನ ಮೂತಿ ಬದಲಾಯಿತು, ಗ್ರಿಲ್ ಕೂಡ. ನಮ್ಮ ಎಡ ಫೆಂಡರ್ 1967ರ ಗಾಡಿಯಿಂದ ಬಂದದ್ದು, ದೀಪದ ತೂತೇ ಇಲ್ಲ. ಅದೇ ಚೆನ್ನಾಗಿ ಕಂಡಿತು. ಬಲಗಡೆಯ ತೂತಿಗೂ ತಗಡು ಹಾಕಿ ವೆಲ್ಡ್ ಮಾಡಿ ಮುಚ್ಚಿಬಿಟ್ಟೆವು.

ಗಾಡಿ ಈಗ ತನ್ನ ಚಕ್ರದ ಮೇಲೆ ನಿಂತಿದೆ. ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್ ಒಳಗಿವೆ. ಬಾಗಿಲಲ್ಲಿ ಗಾಜಿದೆ. ಇಷ್ಟಿಲ್ಲದೆ ಸಂದು ಹೊಂದಿಸಲು ಕೂರುವುದು ದಂಡ. ಈ ಕಾಲದ ಪಿಕಪ್‌ಗಳ ಚಾಸಿ ಒಂದು ಪಕ್ಕ ತೆರೆದಿರುವ ‘ಸಿ’ ಆಕಾರದ ಉಕ್ಕಿನ ಪಟ್ಟಿ. ನೋಡಲು ಭಾರೀ ಗಟ್ಟಿ, ಆದರೆ ಬಳುಕುತ್ತದೆ, ತಿರುಚಿಕೊಳ್ಳುತ್ತದೆ. ನಡುವೆ ಸ್ಟ್ಯಾಂಡ್ ಕೊಟ್ಟರೆ ಎರಡೂ ತುದಿ ಇಳಿಬೀಳುತ್ತವೆ. ಆ ಸ್ಥಿತಿಯಲ್ಲಿ ಹೊಂದಿಸಿದ ಸಂದು ಗಾಡಿ ನೆಲಕ್ಕಿಳಿದ ಮೇಲೆ ಬೇರೆಯೇ ಆಗಿರುತ್ತದೆ. ಎತ್ತರದಲ್ಲಿ ನಿಲ್ಲಿಸಲೇಬೇಕು ಅಂದರೆ ಸ್ಟ್ಯಾಂಡ್ ಆಕ್ಸಲ್ ಕೆಳಗೇ ಇರಬೇಕು. ಕ್ಯಾಬಿನ್ ಕೆಳಗಿನ ರಬ್ಬರುಗಳೂ ಹೊಸವೇ ಆಗಿರಬೇಕು. ಹಳೆಯದು ಒಂದು ಮೂಲೆಯಲ್ಲಿ ಚಪ್ಪಟೆಯಾಗಿದ್ದರೆ ಕ್ಯಾಬಿನ್ ಆ ಕಡೆಗೆ ವಾಲಿರುತ್ತದೆ, ನಾವು ಮಾತ್ರ ಬಾಗಿಲನ್ನು ಬೈಯುತ್ತಾ ಕೂತಿರುತ್ತೇವೆ.

ಮೊದಲು ಬಾಗಿಲು. ಯಾಕೆಂದರೆ ಕ್ಯಾಬಿನ್ನಿನ ಹಿಂಭಾಗ ಅಲ್ಲಾಡುವುದಿಲ್ಲ, ಅದೊಂದೇ ನಂಬಬಹುದಾದ ಅಂಚು. ಬಾಗಿಲಿನ ಹಿಂದಿನ ಅಂಚನ್ನು ಅದಕ್ಕೆ ಹೊಂದಿಸು, ಫೆಂಡರನ್ನು ಬಾಗಿಲಿಗೆ ಹೊಂದಿಸು, ಬಾನೆಟ್ಟನ್ನು ಫೆಂಡರಿಗೆ. ಮುಂದಿನಿಂದ ಶುರು ಮಾಡುವವರನ್ನೂ ನೋಡಿದ್ದೇನೆ. ಎಲ್ಲ ತಪ್ಪೂ ಸೇರಿ ಕೊನೆಗೆ ಬಾಗಿಲಿನ ಹಿಂಬದಿಗೆ ಬಂದು ನಿಲ್ಲುತ್ತದೆ, ಅಲ್ಲಿ ಸರಿಮಾಡಲು ಜಾಗವೇ ಇರುವುದಿಲ್ಲ.

ಬಾಗಿಲಿನ ಬೀಗ ಕಚ್ಚಿಕೊಳ್ಳುವ ಸ್ಟ್ರೈಕರನ್ನು ಬಿಚ್ಚಿಟ್ಟೆವು. ಅದು ಇದ್ದರೆ ಮುಚ್ಚುವಾಗ ಬಾಗಿಲನ್ನು ಎತ್ತಿ ಕೂರಿಸಿಕೊಂಡು, ಕೀಲಿನ ದೋಷವನ್ನೆಲ್ಲ ಮುಚ್ಚಿಹಾಕುತ್ತದೆ. ಕೀಲಿನ ಪಿನ್, ಬುಷ್ ಮೊದಲೇ ಹೊಸದು ಹಾಕಿದ್ದಾಗಿದೆ. ಸವೆದ ಪಿನ್ ಇಟ್ಟುಕೊಂಡು ಅಳತೆ ಹಿಡಿಯುವುದು ಸುಮ್ನೆ ಕಾಲಹರಣ. ಬಾಗಿಲು ತೆರೆದು ಹಿಂದಿನ ತುದಿ ಹಿಡಿದು ಮೇಲೆತ್ತಿ ನೋಡಿ, ಲೊಡಕ್ ಅಂದರೆ ಅಲ್ಲಿಗೇ ನಿಲ್ಲಿಸಿ.

ಬಾಗಿಲಿನ ಹಿಂದಿನ ತುದಿ ಸುಮಾರು 2 ಮಿ.ಮೀ. ಇಳಿದಿತ್ತು. ಬಾಗಿಲಿನ ಮೈಮೇಲಿನ ಗೆರೆ ಕ್ಯಾಬಿನ್ನಿನ ಗೆರೆಗಿಂತ ಕೆಳಗೆ ಹೋಗಿತ್ತು. ಎತ್ತಬೇಕಾದದ್ದು ಹಿಂದಿನ ತುದಿಯನ್ನು, ಆದರೆ ಮಾಡಿದ ಕೆಲಸ ಮುಂದೆ, ಕೆಳಗಿನ ಕೀಲಿನಲ್ಲಿ. ಕೀಲಿಗೂ ಅದು ಕೂರುವ ಕ್ಯಾಬಿನ್ನಿನ ಕಂಬಕ್ಕೂ ನಡುವೆ 1 ಮಿ.ಮೀ. ಶಿಮ್ (ಅಂತರ ಹೊಂದಿಸಲು ಇಡುವ ತೆಳು ಲೋಹದ ತುಂಡು) ತೂರಿಸಿದೆವು. ಬಾಗಿಲಿನ ಬುಡ ಅಷ್ಟು ಹಿಂದಕ್ಕೆ ಸರಿದರೆ ಆಚೆ ತುದಿ ಏಳುತ್ತದೆ. ಎರಡು ಕೀಲುಗಳ ನಡುವಿನ ಅಂತರಕ್ಕಿಂತ ಬಾಗಿಲಿನ ಉದ್ದ ಎರಡು ಪಟ್ಟಿಗೂ ಜಾಸ್ತಿ ಇರುವುದರಿಂದ, ಇಲ್ಲಿ ಒಂದು ಮಿಲಿಮೀಟರ್ ಕೊಟ್ಟರೆ ಅಲ್ಲಿ ಎರಡಕ್ಕೂ ಮೇಲೆ ಸಿಗುತ್ತದೆ. ಗೆರೆಗೆ ಗೆರೆ ಸೇರಿತು.

ಆಮೇಲೂ ಒಂದು ತಕರಾರು ಉಳಿಯಿತು. ಬಾಗಿಲಿನ ಕೆಳಗಿನ ಹಿಂಮೂಲೆ ಹೊರಗೆ ನಿಂತಿತ್ತು, ಮೇಲಿನದು ಸರಿಯಿತ್ತು. ಬಾಗಿಲೇ ತಿರುಚಿಕೊಂಡಿದೆ ಎಂದರ್ಥ. ಇದಕ್ಕೆ ಟಿಂಕರಿಂಗ್ ಮಾಡುವವರ ಹಳೇ ಉಪಾಯವೇ ಸರಿ. ಮೇಲಿನ ಮೂಲೆಯಲ್ಲಿ ಬಾಗಿಲಿಗೂ ಚೌಕಟ್ಟಿಗೂ ನಡುವೆ ಬಟ್ಟೆ ಸುತ್ತಿದ ಮರದ ತುಂಡು ಇಟ್ಟು, ಕೆಳಗಿನ ಮೂಲೆಯನ್ನು ಮಂಡಿಯಿಂದ ಒಳಕ್ಕೆ ಒತ್ತುವುದು. ಸ್ವಲ್ಪ ಒತ್ತು, ತುಂಡು ತೆಗೆ, ಮುಚ್ಚಿ ನೋಡು. ತಗಡು ವಾಪಸ್ ಚಿಮ್ಮುತ್ತದೆ, ಹಾಗಾಗಿ ಬೇಕಾದದ್ದಕ್ಕಿಂತ ಜಾಸ್ತಿಯೇ ಬಗ್ಗಿಸಬೇಕು. ಇದನ್ನು ಮಾಡುವಾಗ ಬಾಗಿಲ ಸುತ್ತಿನ ರಬ್ಬರ್ ಇರಲೇಬೇಕು. ಹೊಸ ರಬ್ಬರ್ ಬಿರುಸು, ಬಾಗಿಲನ್ನು ಹೊರಕ್ಕೆ ನೂಕುತ್ತದೆ. ರಬ್ಬರ್ ಇಲ್ಲದೆ ಮಟ್ಟಸವಾಗಿ ಕೂತ ಬಾಗಿಲು ಬಣ್ಣವೆಲ್ಲ ಮುಗಿದು ರಬ್ಬರ್ ಹಾಕಿದ ದಿನ ಕೈಕೊಡುತ್ತದೆ.

ಊಟ ಆದಮೇಲೆ ಫೆಂಡರ್. ಇವತ್ತಿನ ಅಸಲಿ ಕೆಲಸ ಇದೇ.

ಬಾಗಿಲಿಗೂ ಫೆಂಡರಿಗೂ ನಡುವಿನ ಸಂದು ಮೇಲೆ 7 ಮಿ.ಮೀ., ಕೆಳಗೆ 4. ನಾವು ಇಟ್ಟುಕೊಂಡಿರುವ ಗುರಿ ಮೂರು ಹದಿನಾರಾಂಶ ಇಂಚು, ಅಂದರೆ ಹೆಚ್ಚುಕಮ್ಮಿ 4.8 ಮಿ.ಮೀ. ಅಳೆಯಲು ದೊಡ್ಡ ಸಾಧನವೇನೂ ಬೇಡ. 5 ಮಿ.ಮೀ. ಡ್ರಿಲ್ ಬಿಟ್ಟಿನ ನುಣುಪಾದ ಹಿಂಭಾಗವನ್ನು ಸಂದಿನಲ್ಲಿಟ್ಟು ಮೇಲಿನಿಂದ ಕೆಳಕ್ಕೆ ಎಳೆಯುವುದು. ಸಡಿಲ ಇರುವಲ್ಲಿ ಲೊಳಕ್ಕೆಂದು ಅಲ್ಲಾಡುತ್ತದೆ, ಬಿಗಿ ಇರುವಲ್ಲಿ ನಿಂತೇಬಿಡುತ್ತದೆ. ನಮ್ಮದು ಮೇಲಿನ ಅರ್ಧದಲ್ಲಿ ಓಡಾಡಿ, ನಡುವಿಗಿಂತ ತುಸು ಕೆಳಗೆ ಬಂದು ಕಚ್ಚಿಕೊಂಡಿತು.

ತಮ್ಮ ಸ್ಪ್ಯಾನರ್ ಹಿಡಿದು ರೆಡಿ ಇದ್ದ. “ಅಣ್ಣ, ಮೇಲಿನ ಬೋಲ್ಟ್ ಸಡಿಲ ಮಾಡಿ ಹಿಂದಕ್ಕೆ ಎಳೆದುಬಿಡೋಣ, ಮುಗೀತಲ್ಲ?”

“ಎಳೆದರೆ ಬರತ್ತೆ ಕಣೋ. ಆದರೆ ಬೋಲ್ಟು ಸುಮ್ನೆ ಎಳೆದು ಹಿಡ್ಕೊಂಡಿರತ್ತೆ ಅಷ್ಟೆ. ನಾಲ್ಕು ಹಳ್ಳ ಹತ್ತಿಳಿದರೆ ಮತ್ತೆ ಮುಂದಕ್ಕೆ ಹೋಗತ್ತೆ.”

ಫೆಂಡರ್ ಹಿಂದೆ ಕ್ಯಾಬಿನ್ನಿಗೆ, ಮುಂದೆ ರೇಡಿಯೇಟರ್ ಹಿಡಿದಿರುವ ಚೌಕಟ್ಟಿಗೆ ಬೋಲ್ಟ್ ಆಗಿರುತ್ತದೆ. ಆ ಚೌಕಟ್ಟು ಎರಡು ರಬ್ಬರಿನ ಮೇಲೆ ಚಾಸಿಯ ಮೂತಿಯಲ್ಲಿ ಕೂತಿದೆ. ಆ ಚೌಕಟ್ಟನ್ನು ಎತ್ತಿದರೆ ಫೆಂಡರ್ ಏತದ ಮರದ ಹಾಗೆ ತಿರುಗುತ್ತದೆ. ಹಿಂದಿನ ಅಂಚಿನ ಮೇಲ್ಭಾಗ ಬಾಗಿಲ ಕಡೆ ಸರಿಯುತ್ತದೆ, ಕೆಳಭಾಗ ಬಾಗಿಲಿನಿಂದ ದೂರ ಹೋಗುತ್ತದೆ. ನಮಗೆ ಬೇಕಾದದ್ದೂ ಅದೇ. ಅಂದರೆ ಸಂದು ಕಾಣುವುದು ಬಾಗಿಲ ಹತ್ತಿರ, ಮದ್ದು ಇರುವುದು ಹತ್ತಿರ ಹತ್ತಿರ ಮೂರು ನಾಲ್ಕು ಅಡಿ ಮುಂದೆ, ರೇಡಿಯೇಟರ್ ಕೆಳಗೆ.

ಫೆಂಡರಿನ ಎಲ್ಲ ಬೋಲ್ಟನ್ನೂ ಸಡಿಲ ಮಾಡಿದೆವು. ಬಿಚ್ಚಲಿಲ್ಲ, ಬೆರಳಲ್ಲಿ ತಿರುಗುವಷ್ಟು. ಒಳಗಿನ ಮಡ್‌ಗಾರ್ಡಿನ ಬೋಲ್ಟುಗಳನ್ನು ಮರೆಯಬಾರದು, ಅವು ಬಿಗಿ ಇದ್ದರೆ ಫೆಂಡರ್ ತಿರುಗುವುದೇ ಇಲ್ಲ, ಬಗ್ಗುತ್ತದೆ. ಚೌಕಟ್ಟಿನ ಕೆಳಗೆ ಮರದ ಹಲಗೆ ಕೊಟ್ಟು ಜಾಕ್ ಹಾಕಿ, ನಿಧಾನಕ್ಕೆ ಎತ್ತಿದೆ. ತಮ್ಮ ಸಂದಿನ ಹತ್ತಿರ ಕಣ್ಣಿಟ್ಟು ಕೂತಿದ್ದ. ನನ್ನ ಕಡೆ ಜಾಕ್ ಎದ್ದದ್ದು ಸರಿಯಾಗಿ ಕಾಣುವುದೂ ಇಲ್ಲ, ಅಷ್ಟರಲ್ಲಿ “ಸರಿತಾ ಇದೆ, ಸರಿತಾ ಇದೆ” ಅಂತ ಕೂಗಿದ. 6 ಮಿ.ಮೀ. ಶಿಮ್ ಕೂತಾಗ ಮೇಲೆ 5, ಕೆಳಗೆ ಐದೂವರೆ. ಆಮೇಲೆ ಇಡೀ ಫೆಂಡರನ್ನು ಒಂದು ಕೂದಲೆಳೆ ಹಿಂದಕ್ಕೆ ಸರಿಸಿ ಬಿಗಿ ಮಾಡಿದೆವು. ಚಕ್ರ ಫೆಂಡರಿನ ಕಮಾನಿನ ನಡುಮಧ್ಯೆ ನಿಂತಿದೆಯೇ ಅಂತ ತೂಗುಗುಂಡು ಬಿಟ್ಟು ನೋಡಿದ್ದೂ ಆಯಿತು. ಸಂದಿನ ಆಸೆಗೆ ಫೆಂಡರನ್ನು ಹಿಂದೆ ಮುಂದೆ ಮಾಡುತ್ತಾ ಹೋದರೆ ಚಕ್ರ ಒಂದು ಕಡೆಗೆ ಬಿದ್ದಂತೆ ಕಾಣುತ್ತದೆ, ಅದು ದೂರದಿಂದಲೇ ಎದ್ದು ಕಾಣುವ ದೋಷ.

ಈಗ ಬಲಗಡೆಯ ಕಥೆ. ಚೌಕಟ್ಟು ಒಂದೇ ತುಂಡು. ಎಡಗಡೆ ಎತ್ತಿದರೆ ಬಲಗಡೆ ಸುಮ್ಮನೆ ಕೂರುತ್ತದೆಯೇ? ಆ ಫೆಂಡರ್ ಬಾನೆಟ್ ಕಡೆಗೆ ಸ್ವಲ್ಪ ವಾಲಿತು. ಅಲ್ಲಿಯೂ ತೆಳು ಶಿಮ್ ಒಂದನ್ನು ಸೇರಿಸಿ ಸಮಾಧಾನ ಮಾಡಬೇಕಾಯಿತು.

ಬಾನೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಚಿಗೆಲ್ಲ ಟೇಪ್ ಅಂಟಿಸಿ, ಇಬ್ಬರು ಆ ಕಡೆ ಈ ಕಡೆ ಹಿಡಿದು, ಉಸಿರು ಬಿಗಿಹಿಡಿದು ಇಳಿಸಿದ್ದಷ್ಟೆ. ಹಿಂದಿನ ಎರಡು ಮೂಲೆ ಕ್ಯಾಬಿನ್ನಿಗೆ ತಾಗದೆ ದಾಟುತ್ತವೆಯೇ ಅನ್ನುವುದೇ ನೋಡಬೇಕಾದ ಜಾಗ. ಎಡ ಮೂಲೆ ತುಸು ಎದ್ದು ನಿಂತಿದೆ. ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಅದು ಬಾನೆಟ್ಟಿನ ತಪ್ಪಲ್ಲ, ಕೀಲಿನ ರಿವೆಟ್ ಸವೆದಿರುತ್ತದೆ, ಗಟ್ಟಿ ಸ್ಪ್ರಿಂಗು ಮೂಲೆಯನ್ನು ಮೇಲಕ್ಕೆ ನೂಕುತ್ತದೆ. ಕೈಯಿಂದ ಒತ್ತಿ ಬಗ್ಗಿಸುವ ಗೋಜಿಗೆ ಹೋಗಲಿಲ್ಲ. ಕೀಲು ಬದಲಾಯಿಸಿದ ಮೇಲೆ ನೋಡೋಣ.

ಶಿಮ್‌ನಿಂದ ಆಗದ್ದು ಒಂದೇ ಜಾಗ ಉಳಿದಿದೆ. ಬಾಗಿಲಿನ ಕೆಳ ಅಂಚು, ನಡುಭಾಗದಲ್ಲಿ ಒಂದು ಗೇಣಿನಷ್ಟು ಉದ್ದಕ್ಕೆ ಸಂದು ಅಗಲ. ಅಲ್ಲಿ ತೆಳು ಉಕ್ಕಿನ ಕಡ್ಡಿಯನ್ನು ಅಂಚಿಗೆ ವೆಲ್ಡ್ ಮಾಡಿ ಉಜ್ಜಿ ಹೊಂದಿಸಬೇಕು. ಉದ್ದಕ್ಕೆ ಒಂದೇ ಸಮ ವೆಲ್ಡ್ ಎಳೆದರೆ ಶಾಖಕ್ಕೆ ತಗಡು ಅಲೆ ಅಲೆಯಾಗುತ್ತದೆ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ತಣಿಯಲು ಬಿಟ್ಟು ಮತ್ತೊಂದು. ಸಂದು ಬಿಗಿಯಾಗಿರುವಲ್ಲಿ ಉಜ್ಜುವುದು ಇನ್ನೂ ಅಪಾಯ. ಬಾಗಿಲಿನ ಅಂಚು ಅಂದರೆ ಹೊರ ತಗಡನ್ನು ಒಳ ತಗಡಿನ ಮೇಲೆ ಮಡಚಿದ್ದು. ಗ್ರೈಂಡರ್ ಜಾಸ್ತಿ ಆಡಿಸಿದರೆ ಮಡಿಕೆಯೇ ಕತ್ತರಿಸಿಹೋಗಿ ಎರಡೂ ತಗಡು ಬಿಟ್ಟುಕೊಳ್ಳುತ್ತವೆ. ಮೊದಲು ಅಂಚಿಗೆ ವೆಲ್ಡ್ ತುಂಬಿ, ಆಮೇಲೆ ಉಜ್ಜಬೇಕು. ಪುಟ್ಟಿಯಲ್ಲಿ ಅಂಚು ಕಟ್ಟುವವರಿದ್ದಾರೆ, ನನಗೆ ಅದು ಒಗ್ಗದು. ಬಾಗಿಲನ್ನು ಧಡಾರ್ ಅಂತ ಹಾಕಿದ ದಿನ ಮೂಲೆ ಉದುರುತ್ತದೆ.

ಸಂದು ಇನ್ನೂ ಕಿರಿದು ಮಾಡಬಹುದಲ್ವಾ, ಹೊಸ ಕಾರುಗಳ ಹಾಗೆ 3 ಮಿ.ಮೀ.ಗೆ ತರಬಹುದಲ್ವಾ ಅಂತ ತಮ್ಮ ಕೇಳಿದ. ತರಬಹುದು. ಪ್ರದರ್ಶನಕ್ಕೆ ಟ್ರೇಲರಿನ ಮೇಲೆ ಹೋಗುವ ಗಾಡಿಗೆ ಚೆಂದ. ನಮ್ಮದು ರಸ್ತೆಯಲ್ಲಿ ಓಡುತ್ತದೆ, ಚಾಸಿ ತಿರುಚುತ್ತದೆ, ಬಣ್ಣದ ಪದರಗಳೂ ಎರಡೂ ಅಂಚು ಸೇರಿ ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್ ತಿನ್ನುತ್ತವೆ. ಅಂಚಿಗೆ ಅಂಚು ತಾಗಿ ಬಣ್ಣ ಚಕ್ಕೆ ಏಳುವುದಕ್ಕಿಂತ ಐದರ ಹತ್ತಿರ ಇರಲಿ, ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇದ್ದರೆ ಸಾಕು. ಕ್ಯಾಬಿನ್ ಮತ್ತು ಬೆಡ್ ನಡುವಿನ ಸಂದನ್ನಂತೂ ಬೆರಳು ಹೋಗುವಷ್ಟು ಬಿಡಲೇಬೇಕು. ಅವೆರಡೂ ಚಾಸಿಯ ಮೇಲೆ ಬೇರೆಬೇರೆಯಾಗಿ ಕೂತಿವೆ, ಓಡುವಾಗ ಒಂದು ಆ ಕಡೆ ವಾಲಿದರೆ ಇನ್ನೊಂದು ಈ ಕಡೆ. ಅಲ್ಲಿ ಅಂದ ನೋಡಲು ಹೋದರೆ ಕ್ಯಾಬಿನ್ನಿನ ಮೂಲೆ ಜಜ್ಜಿಹೋಗುತ್ತದೆ.

ಸಂಜೆ ಕೊನೆಯ ಕೆಲಸ, ತೂತು ಹೊಡೆಯುವುದು. ಬಣ್ಣಕ್ಕೆ ಹೋಗುವಾಗ ಎಲ್ಲವನ್ನೂ ಮತ್ತೆ ಬಿಚ್ಚಲೇಬೇಕು. ಇವತ್ತಿನ ಹೊಂದಿಕೆ ಕಳೆದುಹೋಗಬಾರದು ಅಂತ ಪ್ರತಿ ಕೀಲಿನಲ್ಲೂ ಕೀಲು ಮತ್ತು ಕಂಬ ಎರಡನ್ನೂ ಸೇರಿಸಿ 3 ಮಿ.ಮೀ. ತೂತು ಎರಡೆರಡು ಹೊಡೆದೆವು. ಮತ್ತೆ ಜೋಡಿಸುವಾಗ ಆ ತೂತಿಗೆ ಅದೇ ಡ್ರಿಲ್ ಬಿಟ್ ತೂರಿಸಿ ಬೋಲ್ಟ್ ಬಿಗಿದರೆ ಬಾಗಿಲು ಇದೇ ಜಾಗಕ್ಕೆ ಬಂದು ಕೂರುತ್ತದೆ. ಫೆಂಡರಿಗೂ ಹಾಗೇ. ಶಿಮ್‌ಗಳನ್ನು ಜಾಗದ ಹೆಸರು ಬರೆದ ಚಿಕ್ಕ ಚೀಲಗಳಲ್ಲಿ ಹಾಕಬೇಕು. ನಾಳೆ ಬೆಡ್ ಎತ್ತಿ ಕೂರಿಸುವುದಿದೆ, ಬಾಗಿಲಿನ ಗೆರೆ ಬೆಡ್‌ನ ಗೆರೆಗೆ ಸೇರುತ್ತದೆಯೇ ನೋಡಬೇಕು. ಸೇರದಿದ್ದರೆ ಬೆಡ್ ಕೆಳಗೆ ಶಿಮ್ ಕೊಡುತ್ತೇವೆ, ಬಾಗಿಲನ್ನು ಮುಟ್ಟುವುದಿಲ್ಲ ಅಂತ ತಮ್ಮನಿಗೆ ಈಗಲೇ ಹೇಳಿಟ್ಟಿದ್ದೇನೆ.