ಹಾಲಿನ ಪುಡಿಯ ಡಬ್ಬದ ಮುಂದೆ

ತಂಗಿಯ ಬಾಣಂತನಕ್ಕೆಂದು ಆಸ್ಟ್ರೇಲಿಯಾದ ಪರ್ತ್‌ಗೆ ಬಂದು ಮೂರು ವಾರವಾಯಿತು. ಇಂದು ಅಂಗಡಿಯಲ್ಲಿ, ಹೆಗಲಿಗೆ ಮಗುವನ್ನು ಒರಗಿಸಿಕೊಂಡಿದ್ದ ಯುವತಿಯೊಬ್ಬಳು ಹಾಲಿನ ಪುಡಿಯ ದೊಡ್ಡ ಡಬ್ಬವನ್ನು ಎತ್ತಿ, ಬೆಲೆಯ ಚೀಟಿ ನೋಡಿ, ಮತ್ತೆ ಅಲ್ಲಿಯೇ ಇಟ್ಟದ್ದು ಇನ್ನೂ ಕಣ್ಣಿನಲ್ಲಿದೆ.

2010ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಆಸ್ಟ್ರೇಲಿಯಾದಲ್ಲಿ ಶೇ. 96ರಷ್ಟು ಶಿಶುಗಳಿಗೆ ಎದೆಹಾಲು ಆರಂಭವಾಗಿತ್ತು. ಆದರೆ ಬೇರೇನನ್ನೂ ಕೊಡದೆ ಸುಮಾರು ಐದು ತಿಂಗಳು ತುಂಬುವವರೆಗೆ ಎದೆಹಾಲನ್ನಷ್ಟೇ ಕುಡಿದವು ಶೇ. 15 ಮಾತ್ರ. ದೂರದ ಮರುಭೂಮಿ ಪ್ರದೇಶದ ಅಬೊರಿಜಿನಲ್, ಅಂದರೆ ಈ ನಾಡಿನ ಮೂಲನಿವಾಸಿ, ತಾಯಂದಿರು ಹಿಂದಿನಿಂದಲೂ ದೀರ್ಘಕಾಲ ಹಾಲೂಡಿಸುತ್ತಾ ಬಂದಿದ್ದರೆ, ನಗರಕ್ಕೆ ಬಂದವರಲ್ಲಿ ಆ ರೂಢಿ ಬೇಗ ಸಡಿಲಗೊಂಡಿತು. ಇದನ್ನು ಜನಾಂಗದ ಗುಣವೆಂದು ಬಗೆಯುವುದು ಸುಲಭ, ಮತ್ತು ತಪ್ಪು. ತಾಯಿಯ ವಯಸ್ಸು, ಓದು, ವರಮಾನ, ಧೂಮಪಾನ, ಮಗುವಿನ ತಂದೆಯ ಒಲವು, ಇವು ಅಬೊರಿಜಿನಲ್ ಅಲ್ಲದ ತಾಯಂದಿರಲ್ಲಿಯೂ ಅದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ.

ಆದರೂ ಒಂದು ವ್ಯತ್ಯಾಸವನ್ನು ಮರೆಯಲಾಗದು. 1970ರ ಸುಮಾರಿನವರೆಗೂ ಸರ್ಕಾರವೇ ಅಬೊರಿಜಿನಲ್ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡ ನಾಡಿದು. ಅದಕ್ಕೆ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ. ಹಾಗೆ ಬೆಳೆದ ಹೆಣ್ಣುಮಗಳಿಗೆ ಹಾಲೂಡಿಸುವುದನ್ನು ಪಕ್ಕದಲ್ಲಿ ಕುಳಿತು ಹೇಳಿಕೊಡಲು ಯಾವ ಅಜ್ಜಿ ಇದ್ದಳು? ನನ್ನ ತಂಗಿಗಾದರೋ ಮಗು ಸರಿಯಾಗಿ ಮೊಲೆ ಹಿಡಿಯದ ಮೊದಲ ಎರಡು ರಾತ್ರಿ, ಊರಿನಿಂದ ಅಮ್ಮ ವಿಡಿಯೋ ಕರೆಯಲ್ಲಿ, ತಲೆದಿಂಬನ್ನೇ ಮಗುವಾಗಿಸಿಕೊಂಡು ತೋರಿಸಿಕೊಟ್ಟಿದ್ದರು.