ಕೊಲ್ಲಲೂ ಬೇಕು, ಕೊಳೆಯಲೂ ಬೇಕು

ಬ್ಯಾಕ್ಟೀರಿಯಾ ಕೊಲ್ಲುವ ಫಿಲ್ಮ್, ಅಂದರೆ ಪ್ಲಾಸ್ಟಿಕ್‌ನಂಥ ತೆಳು ಹಾಳೆ, ಮಣ್ಣಿಗೆ ಬಿದ್ದ ಮೇಲೆ ಬ್ಯಾಕ್ಟೀರಿಯಾಗಳಿಗೇ ಊಟವಾಗಬೇಕು. ನಮ್ಮ ಕೆಲಸದ ಕಷ್ಟವೆಲ್ಲ ಇರುವುದು ಇಲ್ಲೇ. ಎರಡು ಪರೀಕ್ಷೆಗಳ ಫಲಿತಾಂಶ ಒಂದೇ ದಿನ ಕೈಗೆ ಬಂದಾಗ ಇದು ನನಗೆ ಕಣ್ಣಾರೆ ಕಂಡಿತು.

ನಮ್ಮ ಫಿಲ್ಮ್‌ಗೆ ಬೇಕಾದ ಸಾಮಾನು ಕಡಿಮೆ. ಜೋಳದ ಪಿಷ್ಟವನ್ನು ನೀರಲ್ಲಿ ಕದಡಿ ಕಾಯಿಸಿದರೆ, 70 ಡಿಗ್ರಿ ಸುಮಾರಿಗೆ ಗಟ್ಟಿ ಅಂಟಾಗುತ್ತದೆ. ಹಾಗೇ ಒಣಗಿಸಿದರೆ ಮುಟ್ಟಿದ ಕೂಡಲೇ ಮುರಿಯುತ್ತದೆ. ಗ್ಲಿಸರಿನ್ ಹಾಕಿದರೆ ಬಾಗುತ್ತದೆ, ಜಾಸ್ತಿಯಾದರೆ ಕೈಗೆ ಅಂಟುತ್ತದೆ. ಬ್ಯಾಕ್ಟೀರಿಯಾಗಾಗಿ ಸೇರಿಸಿದ್ದು ಲವಂಗದ ಎಣ್ಣೆ. ಅದರಲ್ಲಿರುವ ಯೂಜಿನಾಲ್ ಬ್ಯಾಕ್ಟೀರಿಯಾದ ಪೊರೆಯನ್ನು ಕೆಡಿಸುತ್ತದೆ, ಒಳಗಿರುವುದೆಲ್ಲ ಸೋರಿಹೋಗುತ್ತದೆ. ಆದರೆ ಈ ಎಣ್ಣೆ ಬೇಗ ಆವಿಯಾಗಿ ಹೋಗುತ್ತದೆ. ಅದಕ್ಕೇ ಕಡಿಮೆ ಬಿಸಿಯಲ್ಲಿ, ನಿಧಾನವಾಗಿ ಒಣಗಿಸಬೇಕು.

ಬೆಳಿಗ್ಗೆ ಇನ್‌ಕ್ಯುಬೇಟರ್‌ನಿಂದ, ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಗಳನ್ನು ತೆಗೆದೆ. ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಸಿದ್ದ ತಟ್ಟೆಯಲ್ಲಿ ಅದರ ಮಬ್ಬು ಪದರ ಎಲ್ಲೆಡೆ ಹರಡಿತ್ತು. ಫಿಲ್ಮ್‌ನ ಪುಟ್ಟ ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ಉಂಗುರ, ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿರಲಿಲ್ಲ. ಎಷ್ಟು ಖುಷಿಯಾಯಿತು! ಇ. ಕೋಲಿ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ತಟ್ಟೆಯಲ್ಲಿ ಉಂಗುರ ಕಿರಿದಾಗಿತ್ತು. ಈ ಬ್ಯಾಕ್ಟೀರಿಯಾಕ್ಕೆ ಹೊರಗೆ ಇನ್ನೊಂದು ಪೊರೆ ಇರುತ್ತದೆ, ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

"ಬೆಳ್ಳಿಯ ನ್ಯಾನೋ ಕಣ ಹಾಕಿದ್ರೆ ಈ ಉಂಗುರಾನೂ ದೊಡ್ಡದಾಗುತ್ತೆ ಅಲ್ವಾ?" ಎಂದಳು ಜೊತೆಯಲ್ಲಿ ಕೆಲಸ ಮಾಡುವ ಗೆಳತಿ. ಆಗಬಹುದು, ಬೆಳ್ಳಿಯೂ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಆದರೆ ಪಿಷ್ಟ ಕರಗಿಹೋದರೂ ಬೆಳ್ಳಿ ಮಣ್ಣಿನಲ್ಲೇ ಉಳಿಯುತ್ತದೆ. ಅದು ನನಗೆ ಒಪ್ಪಿಗೆಯಿಲ್ಲ.

ಮಧ್ಯಾಹ್ನ, ಫಿಲ್ಮ್ ತುಂಡುಗಳನ್ನು ಮಣ್ಣಲ್ಲಿ ಹೂತಿಟ್ಟಿದ್ದ ಕುಂಡಗಳನ್ನು ಕೆದಕಿದೆವು. ಎಣ್ಣೆ ಹಾಕದ ಫಿಲ್ಮ್‌ನ ಗುರುತೂ ಸಿಗಲಿಲ್ಲ. ಎಣ್ಣೆ ಹಾಕಿದ್ದು ಇನ್ನೂ ಇತ್ತು. ಚಿಮಟದಲ್ಲಿ ಎತ್ತಿದಾಗ ಅಂಚು ಮೆತ್ತಗಾಗಿ ಜೋತುಬಿತ್ತು, ಅಲ್ಲೆಲ್ಲ ಬಿಳಿ ಬೂಷ್ಟು ಹತ್ತಿತ್ತು. ಮೂಸಿ ನೋಡಿದರೆ ಲವಂಗದ ವಾಸನೆ ಇಲ್ಲವೆನ್ನುವಷ್ಟು ಕಡಿಮೆ.

ಆವಿಯಾಗಿ ಹೋಗುವ ಗುಣವನ್ನು ಇಷ್ಟು ದಿನ ಎಣ್ಣೆಯ ಕೊರತೆ ಎಂದೇ ಎಲ್ಲರೂ ಹೇಳುತ್ತಿದ್ದರು. ನನಗೀಗ ಅದೇ ಅದರ ದೊಡ್ಡ ಗುಣ ಅನ್ನಿಸುತ್ತದೆ. ಫಿಲ್ಮ್ ಬಳಕೆಯಲ್ಲಿರುವಷ್ಟು ಕಾಲ ಎಣ್ಣೆ ಕಾವಲಿರಬೇಕು, ಆಮೇಲೆ ಜಾಗ ಬಿಡಬೇಕು. ಕೊಳೆಯುವ ಪ್ಯಾಕಿಂಗ್ ವಸ್ತುಗಳಿಗಿರುವ ಯುರೋಪಿನ ಇಎನ್ 13432 ಮಾನದಂಡದ ಪ್ರಕಾರ, ಕಾಂಪೋಸ್ಟ್‌ನಲ್ಲಿ 6 ತಿಂಗಳೊಳಗೆ ಶೇ 90ರಷ್ಟು ಜೈವಿಕವಾಗಿ ಕರಗಬೇಕು. ಮಣ್ಣಿನ ಜೀವಿಗಳನ್ನು ದೂರ ಇಡುವ ವಸ್ತು ಅಲ್ಲಿ ಪಾಸಾಗುವುದು ಹೇಗೆ?

ಸಂಜೆ ಮುಂದಿನ ಪರೀಕ್ಷೆಯ ಪಟ್ಟಿ ಬದಲಿಸಿದೆವು. ಇನ್ನು ಮೇಲೆ ಹೊಸ ಫಿಲ್ಮ್ ಜೊತೆ ಹಳೆಯದಾದ ಫಿಲ್ಮ್‌ನ ಉಂಗುರವನ್ನೂ ಅಳೆಯುತ್ತೇವೆ. ಅದೇ ಫಿಲ್ಮ್‌ನ ಇನ್ನೊಂದು ತುಂಡು ಮಣ್ಣಿಗೆ ಹೋಗುತ್ತದೆ.