ಪಾದರಸ

ಮಗಳಿಗೆ ಜ್ವರ. ಡಿಜಿಟಲ್ ಥರ್ಮಾಮೀಟರಿನ ಸೆಲ್ ಸತ್ತಿತ್ತು. ಅಮ್ಮ ಹಳೇ ಗಾಜಿನದ್ದು ಹುಡುಕಿ, ಎರಡು ಸಲ ಜಾಡಿಸಿ ಕೊಟ್ಟಳು.

ಆಮೇಲೆ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದೆ. ಕೂದಲಷ್ಟು ಸಣ್ಣ ಬೆಳ್ಳಿ ಗೆರೆ.

ತಲೆಗೆ ಬಂದಿದ್ದು ಜಪಾನಿನ ಕವಾನಿಶಿ ಶಿಡೆನ್. 1942ರ ಕೊನೆಗೆ ಮೊದಲು ಹಾರಿದ ಯುದ್ಧವಿಮಾನ. (ನಗಬೇಡಿ, ನನ್ನ ತಲೆ ಹೀಗೇ.) ಅದರ ಫ್ಲ್ಯಾಪ್‌ಗಳನ್ನು (ರೆಕ್ಕೆಯ ಹಿಂಬದಿಯಲ್ಲಿ ಇಳಿದು ಏರುವ ಪಟ್ಟಿಗಳನ್ನು) ಆಡಿಸುತ್ತಿದ್ದುದೂ ಕೊಳವೆಯೊಳಗಿನ ಪಾದರಸವೇ. ವೇಗಕ್ಕೆ, ತಿರುವಿನ ಭಾರಕ್ಕೆ ತಕ್ಕಂತೆ ಅದು ಏರಿಳಿಯುತ್ತಿತ್ತು. ಬಿಗಿಯಾಗಿ ತಿರುಗಿದರೆ ಫ್ಲ್ಯಾಪ್ ತಾನೇ ಇಳಿದು, ಎತ್ತುವ ಬಲ ಜಾಸ್ತಿ ಮಾಡುತ್ತಿತ್ತು. ತಿರುವು ಮುಗಿದರೆ ತಾನೇ ಒಳಕ್ಕೆ. ಹಾಗೇ ಬಿಟ್ಟರೆ ಗಾಳಿಯ ಎಳೆತ ವೇಗವನ್ನು ತಿಂದುಬಿಡುತ್ತದೆ ನೋಡಿ. ಕಾದಾಟದ ನಡುವೆ ಪೈಲಟ್‌ಗೆ ಲಿವರ್ ತಡಕುವ ಗೋಜಿಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ!

"ಎಷ್ಟಿದೆಯೋ?" ಅಮ್ಮ ಕೇಳಿದ್ದು ಮೂರನೇ ಸಲವಂತೆ.

ನೂರಾ ಒಂದು.